ಹಕ್ಕಳೆ ಒಣಗುವ ತನಕ

ಎರಡು ವರ್ಷದಿಂದ ಮುಖ ತಿರುಗಿಸಿಕೊಂಡಿದ್ದ ತಮ್ಮ ಫೋನ್ ಮಾಡಿದಾಗ, ಟೈಲರಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನನ್ನು ತೆಗೆಯಲೂ ಮರೆತಳು.

"ಮಗೂಗೆ ಸೀತಾಳೆ ಸಿಡುಬು," ಎಂದ ಅವನು. ಹೇಗಿದ್ದೀಯ ಎಂಬ ಮಾತೂ ಇಲ್ಲ. "ಹಕ್ಕಳೆ ಒಣಗೋ ತನಕ ಸ್ಕೂಲಿಗೆ ಕಳಿಸ್ಬೇಡಿ ಅಂದಿದ್ದಾರೆ. ಇವಳು ಏಳು ತಿಂಗಳ ಬಸುರಿ, ಸಿಡುಬು ಒಮ್ಮೆಯೂ ಬಂದಿಲ್ಲ, ಹತ್ತಿರ ಇರಬಾರದಂತೆ. ತವರಿಗೆ ಕಳಿಸ್ದೆ. ನಂಗೆ ರಜೆ ಕೊಡ್ತಿಲ್ಲ, ಬಸ್ ಓಡಿಸ್ಲೇಬೇಕು. ಮುಂಚೆನೇ ಬಂದು ಹೋಗಿರೋರು ನೋಡ್ಕೋಬಹುದಂತೆ. ನಿಂಗೆ... ಬಂದಿತ್ತಲ್ಲ?"

"ಬರ್ತೀನಿ," ಎಂದಳು ಟೈಲರಕ್ಕ.

ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡುವಾಗ, ಅಮ್ಮನ ಹೊಲಿಗೆ ಮಿಷನ್ನನ್ನು ಈ ಮಹಾನುಭಾವ ಒಂದು ಮಾತೂ ಕೇಳದೆ ಗುಜರಿಯವನಿಗೆ ತೂಕಕ್ಕೆ ಹಾಕಿದ್ದ. ಅದರ ಮೇಲೇ ಕೆಲಸ ಕಲಿತವಳು ಇವಳು. ನಿನ್ನ ಹೊಸಿಲು ತುಳಿದರೆ ಕೇಳು ಎಂದು ಕೂಗಾಡಿ ಬಂದಿದ್ದಳು. ಈಗ ಆ ಮಾತನ್ನು ನುಂಗಿಕೊಂಡು ಹೊರಟಳು. ಕರುಳು ಕೇಳಬೇಕಲ್ಲ!

ಮಗುವನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಮಾತಿನಮಲ್ಲಿ ಎಂದೇ. ಮೈತುಂಬ ಗುಳ್ಳೆ ಎದ್ದರೂ ಬಾಯಿಗೆ ಬಿಡುವಿಲ್ಲ. ಗುಲಾಬಿ ಬಣ್ಣದ ಲೋಷನ್ ಹಚ್ಚುತ್ತಿದ್ದ ಹಾಗೇ, ಆ ತಣ್ಣನೆಯ ವಾಸನೆಗೆ ಟೈಲರಕ್ಕನ ಮನಸ್ಸು ಹಳೆಯ ಮನೆಗೆ ಓಡಿಹೋಯಿತು. ಹಿಂದಿನ ಕೋಣೆಯಲ್ಲಿ ಸಿಡುಬೆದ್ದು ಮಲಗಿದ್ದ ತಮ್ಮ. ಮುಂದಿನ ಕೋಣೆಯಲ್ಲಿ ಅಮ್ಮನ ಮಿಷನ್ನಿನ ಸದ್ದು. ಬಾಗಿಲು ದಾಟಿದರೆ ಕಾಲು ಮುರಿಯುತ್ತೇನೆ ಎಂದಿದ್ದಳು ಅಮ್ಮ. ಇವಳು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವನು ಒಳಗಿಂದ ಬಾಗಿಲು ತಟ್ಟಿದರೆ ಇವಳೂ ತಟ್ಟುತ್ತಿದ್ದಳು.

ಅವನು ವಾಸಿಯಾಗಿ ಶಾಲೆಗೆ ಹೊರಡುವ ಹೊತ್ತಿಗೆ ಇವಳಿಗೆ ಎದ್ದಿತು. "ನೋಡು, ಅಕ್ಕನಿಗೂ ಅಂಟಿಸ್ದೆ," ಎಂದು ಅಮ್ಮ ಸುಸ್ತಿನಲ್ಲಿ ಅಂದುಬಿಟ್ಟಳು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡ. ದಿನಾ ಶಾಲೆಯಿಂದ ನೇರ ಇವಳ ಹಾಸಿಗೆಗೆ ಬಂದು, ಅಮ್ಮನ ಅಳತೆಯ ಕಾಗದದಲ್ಲಿ ಬಸ್ಸು ಕತ್ತರಿಸಿ, ಹೊದಿಕೆಯ ಮೇಲೆ ಓಡಿಸುತ್ತಿದ್ದ. ಇವಳ ಮೊಣಕಾಲು ಬೆಟ್ಟ, ಪಾದ ಕೊನೆಯ ಸ್ಟಾಪು. ಅಷ್ಟು ಸುಖದ ದಿನಗಳನ್ನು ಅವಳು ಆಮೇಲೆ ಕಂಡಿಲ್ಲ. ಕೆರೆದುಕೊಂಡಿದ್ದಕ್ಕೆ ಹುಬ್ಬಿನ ಮೇಲೊಂದು ಗುಳಿ ಉಳಿಯಿತು. ತಮ್ಮ ದೊಡ್ಡವನಾದ ಮೇಲೂ ಆ ಗುಳಿಯತ್ತ ನೋಡುತ್ತಿರಲಿಲ್ಲ.

"ಕೆರ್ಕೋಬೇಡ, ನನ್ನ ಹಾಗೆ ಆಗುತ್ತೆ," ಎಂದು ಗುಳಿ ತೋರಿಸಿದಳು.

"ಅಪ್ಪ ಅಂಟಿಸಿದ್ದಂತೆ! ಅಪ್ಪಾನೇ ಹೇಳಿದ್ರು."

"ಇಲ್ಲ ಕಣೆ. ನಾನೇ ಅವನು ಮಲಗಿದ್ದಾಗ ಕಳ್ಳಬೆಕ್ಕಿನ ಹಾಗೆ ಹೋಗಿ ಪಕ್ಕದಲ್ಲಿ ಮಲ್ಕೊಂಡೆ."

"ಯಾಕತ್ತೆ?"

"ಲೆಕ್ಕದ ಪರೀಕ್ಷೆ ಇತ್ತು. ತಪ್ಪಿಸ್ಕೊಳ್ಳೋಕೆ."

ಮಾತಿನಮಲ್ಲಿಗೆ ಅಷ್ಟು ಸಾಕಿತ್ತು. ಸಂಜೆ ಅಪ್ಪ ಡ್ರೈವರ್ ಅಂಗಿಯಲ್ಲೇ ಒಳಗೆ ಕಾಲಿಡುತ್ತಿದ್ದಂತೆ ಕೂಗಿದಳು: "ಅಪ್ಪಾ, ನೀನು ಅಂಟಿಸಿದ್ದಲ್ವಂತೆ! ಅತ್ತೆ ಬೇಕೂಂತಲೇ ತಗೊಂಡಿದ್ದಂತೆ! ಲೆಕ್ಕದ ಪರೀಕ್ಷೆ ತಪ್ಪಿಸ್ಕೊಳ್ಳೋಕೆ!"

ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ನಂತರ ಅಕ್ಕನ ಹುಬ್ಬನ್ನು ನೇರವಾಗಿ ನೋಡಿದ.

"ಲೆಕ್ಕದಲ್ಲಿ ನಿಂಗೆ ಯಾವಾಗ್ಲೂ ನೂರಕ್ಕೆ ನೂರು," ಎಂದ ಮೆಲ್ಲಗೆ. "ಅವತ್ತು ನಾನು ಒಳಗೆ ಅಳ್ತಿದ್ದೆ. ಅದಕ್ಕೆ ಬಂದೆ, ಅಲ್ವಾ?"

ಟೈಲರಕ್ಕ ಲೋಷನ್ ಬಾಟಲಿಯ ಮುಚ್ಚಳವನ್ನು ಬೇಕಿಲ್ಲದಿದ್ದರೂ ಇನ್ನೊಂದು ಸುತ್ತು ಬಿಗಿದಳು.

"ಮಿಷನ್ನಿನ ಜಗಳ ಮುಗ್ದಿಲ್ಲ," ಎಂದಳು. "ಹಕ್ಕಳೆ ಒಣಗೋ ತನಕ ಇಲ್ಲೇ ಇರ್ತೀನಲ್ಲ, ದಿನಾ ಸ್ವಲ್ಪ ಸ್ವಲ್ಪ ಆಡೋಣ. ಈಗ ಕೈ ತೊಳ್ಕೊಂಡು ಬಾ, ಊಟ ಆರ್ತಿದೆ."