ಬಾಗಿಲ ಬಳಿ ನಿಂತವಳು

ಮಗಳು ಬಿಸಿನೀರಿನ ಬ್ಯಾಗಿಗೆ ಹಳೇ ಟವೆಲು ಸುತ್ತುತ್ತಿದ್ದಳು. ಹೊರಕೋಣೆಯಲ್ಲಿ ಅಮ್ಮನ ಹೆಣ, ಒಳಕೋಣೆಯಲ್ಲಿ ತಮ್ಮನ ಹೆಂಡತಿ, ಒಂಬತ್ತು ದಿನದ ಬಾಣಂತಿ. ನಿನ್ನೆ ಸಂಜೆ ಸೊಸೆಗೆ ಕಾವು ಕೊಡಲು ನೀರು ಕಾಯಿಸುತ್ತಿದ್ದ ಅಮ್ಮ ಎದೆ ಹಿಡಿದುಕೊಂಡು ಕುಸಿದಿದ್ದಳು. ಮಗಳಿಗೆ ಇನ್ನೂ ಅಳಲು ಪುರುಸೊತ್ತಾಗಿರಲಿಲ್ಲ.

"ಹೊಟ್ಟೆ ಕೆಳಗೆ ತುಂಬಾ ನೋವು, ಅಕ್ಕಾ," ಎಂದಳು ಬಾಣಂತಿ.

"ಮೂರು ಹೆರಿಗೆಗೂ ನಿಮ್ಮತ್ತೇನೇ ನನ್ನ ನೋಡ್ಕೊಂಡಿದ್ದು," ಎಂದಳು ಪಕ್ಕದ ಮನೆಯ ಟೈಲರಮ್ಮ, ಕೂಸನ್ನು ತಟ್ಟುತ್ತ. "ಒಂದು ಮಾತ್ರೆ ನುಂಗ್ಲಿಲ್ಲ. ಹೊಲಿಗೆ ಹಾಕಿದ ಜಾಗಕ್ಕೆ ತಣ್ಣೀರು ಬಟ್ಟೆ, ಹೊಟ್ಟೆಗೆ ಕಾವು. ನೋವು ಬಂದಾಗ ಉದ್ದಕ್ಕೆ ಉಸಿರು ಬಿಡು ಅನ್ನೋರು. ನಾನು ಗಂಡನ್ನ ಬೈತಿದ್ದೆ. ಅದೂ ಆಗತ್ತೆ, ಉದ್ದಕ್ಕೆ ಬೈಯಿ ಅಂದ್ರು!"

ಬಾಣಂತಿ ನಕ್ಕಳು. ನಗುವಾಗಲೇ ಹಲ್ಲು ಕಟಕಟಿಸಿತು. ಮಗಳು ಬ್ಯಾಗನ್ನು ಅವಳ ಹೊಟ್ಟೆಯ ಮೇಲಿಟ್ಟು, ಯಾಕೋ ಬಾಗಿಲ ಕಡೆ ತಿರುಗಿದಳು. ಅದು ಅಮ್ಮನ ಅಭ್ಯಾಸವಾಗಿತ್ತು.

*

ಅಮ್ಮ ಯಾವ ಬಾಣಂತಿಯ ಮನೆಗೆ ಹೋದರೂ ಮೊದಲು ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಚೀಲದಿಂದ ಥರ್ಮಾಮೀಟರು ತೆಗೆಯುತ್ತಿದ್ದಳು.

"ನೀನೇನು ಡಾಕ್ಟರಾ?" ಎಂದು ಹದಿನಾರರ ಮಗಳು ಗೇಲಿ ಮಾಡಿದ್ದಳು.

ಅಮ್ಮ ನಗಲಿಲ್ಲ. "ಮೊದಮೊದಲು ಒಬ್ಬಳಿಗೆ ಮೂರು ದಿನ ಕಾವು ಕೊಟ್ಟೆ. ಮೈ ಸುಡ್ತಿತ್ತು. ಬ್ಯಾಗಿನ ಬಿಸಿ ಅಂದ್ಕೊಂಡೆ. ಜ್ವರ ಕಣೇ ಅದು, ಒಳಗೆ ಕೀವಾಗಿತ್ತು. ನಾಲ್ಕನೇ ದಿನ ಹೋಗ್ಬಿಟ್ಟಳು." ಅವಳ ದನಿ ತಗ್ಗಿತು. "ಆವತ್ತಿಂದ ಎಲ್ಲಾ ಮನೆ ಬಾಗಿಲಲ್ಲೂ ನಿಂತಿರ್ತಾಳೆ. ಬೈಯಲ್ಲ. ಸುಮ್ನೆ ನೋಡ್ತಾಳೆ."

*

ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೂ ಮಗಳಿಗೆ ಬಾಣಂತಿಯ ಹಲ್ಲು ಕಟಕಟಿಸಿದ್ದು ನೆನಪಾಯಿತು. ಬ್ಯಾಗನ್ನು ಕಿತ್ತುಕೊಂಡು ಅಮ್ಮನ ಚೀಲಕ್ಕೆ ಕೈ ಹಾಕಿದಳು.

ಥರ್ಮಾಮೀಟರಿನಲ್ಲಿ ನೂರಾ ಮೂರು ಇತ್ತು.

ಹೆಣ ಸಾಗಿಸುವ ವ್ಯಾನು ಆಗಲೇ ಹೊರಗೆ ಬಂದು ನಿಂತಿತ್ತು. ಮಗಳು ಹೊರಕೋಣೆಗೆ ಓಡಿ, ಕೈಯಲ್ಲಿದ್ದ ಬ್ಯಾಗನ್ನು ಸಿಕ್ಕಲ್ಲಿ ಇಟ್ಟು, ತಮ್ಮನನ್ನು ಕೂಗಿದಳು.

"ಹೆಣದ ವ್ಯಾನಲ್ಲಿ ಬಾಣಂತೀನಾ?" ದೊಡ್ಡಪ್ಪ ಹೌಹಾರಿದರು. "ಇಲ್ಲಿ ನಿಮ್ಮಮ್ಮ ಕಾಯಬೇಕಾ?"

"ಅಮ್ಮನಿಗೆ ಅವಸರ ಇಲ್ಲ, ದೊಡ್ಡಪ್ಪ. ಇವಳಿಗಿದೆ."

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. "ಒಳಗೆ ಸೋಂಕಾಗಿದೆ. ನಾಳೆ ತಂದಿದ್ರೆ ಕಷ್ಟವಿತ್ತು," ಎಂದರು ಡಾಕ್ಟರು. ಬಾಣಂತಿ, ಕೂಸಿನ ಜೊತೆ ಟೈಲರಮ್ಮನನ್ನು ಬಿಟ್ಟು ಮಗಳೂ ತಮ್ಮನೂ ಅದೇ ವ್ಯಾನಿನಲ್ಲಿ ಹಿಂದಿರುಗಿದರು.

ಎಲ್ಲರೂ ಹೆಣ ಎತ್ತಲು ಕಾದಿದ್ದರು. ಅವಳು ಬಾಗಿ ಅಮ್ಮನ ಕೈ ಹಿಡಿದಳು.

ಬೆಚ್ಚಗಿತ್ತು.

ತಟ್ಟನೆ ಅಮ್ಮನ ಮುಖ ನೋಡಿದಳು. ಆಮೇಲೆ ಕಂಡಿತು, ಆ ಕೈಗೆ ಒತ್ತಿಕೊಂಡು ಟವೆಲು ಸುತ್ತಿದ ಬ್ಯಾಗು, ಅವಳೇ ಇಟ್ಟು ಮರೆತದ್ದು.

"ತಡವಾಯ್ತು, ಎತ್ತೋಣ," ಎಂದರು ದೊಡ್ಡಪ್ಪ.

"ಒಂದು ನಿಮಿಷ," ಎಂದಳು. ಬ್ಯಾಗನ್ನು ಪಕ್ಕಕ್ಕೆ ಸರಿಸಿ, ಅಮ್ಮನ ಕೈ ಮತ್ತೆ ತಣ್ಣಗಾಗುವವರೆಗೂ ಹಿಡಿದುಕೊಂಡೇ ಕುಳಿತಳು.