ಬಾಗಿಲ ಸಂದು

"ಒಂದು ಸಹಿ ಹಾಕೋಕೆ ಎಷ್ಟು ಸುತ್ತು ಹೊಡೀತೀಯೇ? ಕಳ್ಳನ್ನ ಹಿಡಿಯೋಕೆ ಬಂದ ಪೊಲೀಸಿನವರ ಥರ!" ಎಂದು ಅಣ್ಣ ನಕ್ಕ. ತಂಗಿ ನಗಲಿಲ್ಲ. ಕಾರಿನ ಮೂತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅಂಗೈಯನ್ನು ತಗಡಿನ ಮೇಲೆ ಮೆಲ್ಲಗೆ ಜಾರಿಸುತ್ತಿದ್ದಳು.

ಅಪ್ಪನ ರೇಸ್ ಕಾರು. ಎರಡೇ ಬಾಗಿಲು, ನೆಲ ಮೂಸುವಂಥ ಮೂತಿ, ಹಿಂದೆ ಕಡಿದಿಟ್ಟಂತೆ ಚಪ್ಪಟೆ ಬಾಲ. ಅಲ್ಯುಮಿನಿಯಂ ಹಾಳೆಗಳನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಅಪ್ಪ ತಾನೇ ಮಾಡಿದ ಮೈ. ಹಳೆ ಕಾರುಗಳ ಮ್ಯೂಸಿಯಂನವರು ಅದನ್ನು ಅಪ್ಪನ ಹೆಸರಿನ ಫಲಕದ ಜೊತೆ ಇಡುತ್ತೇವೆ ಎಂದಿದ್ದರು. ಇದು ನಮ್ಮ ತಂದೆ ಕೈಯಾರೆ ಮಾಡಿದ್ದೇ ಎಂದು ಇಬ್ಬರು ಮಕ್ಕಳೂ ಬರೆದುಕೊಡಬೇಕಿತ್ತು. ಅಣ್ಣ ಆಗಲೇ ಸಹಿ ಹಾಕಿ ಕೂತಿದ್ದ. ತಂಗಿಗೆ ಅದು ಅಷ್ಟು ಸಲೀಸಲ್ಲ. ಅಪ್ಪನ ಕಸುಬು ಹಿಡಿದವಳು ಅವಳು. ನಜ್ಜುಗುಜ್ಜಾದ ಕಾರುಗಳೆಲ್ಲ ಬರುವುದು ಅವಳ ಶೆಡ್ಡಿಗೆ. ನಕಲಿ ಕಾರಿಗೆ ಅವಳ ಸಹಿ ಬಿದ್ದರೆ ಯಾರದೋ ಕೆಲಸದ ಮೇಲೆ ಅಪ್ಪನ ಹೆಸರು ಕೂರುತ್ತದೆ.

ಅಪ್ಪ ತೀರಿಕೊಂಡ ಮೇಲಿನ ಹನ್ನೊಂದು ವರ್ಷದಲ್ಲಿ ಅಣ್ಣ ಈ ಕಾರನ್ನು ಒಮ್ಮೆಯೂ ತೋರಿಸಿರಲಿಲ್ಲ. ಕೇಳಿದಾಗಲೆಲ್ಲ ಸ್ನೇಹಿತನ ಗೋಡೌನಲ್ಲಿದೆ, ಪೇಂಟಿಗೆ ಹೋಗಿದೆ ಎಂದು ಒಂದಲ್ಲ ಒಂದು ಸಬೂಬು. ಈಗ ಇದ್ದಕ್ಕಿದ್ದಂತೆ ಫೋನು ಮಾಡಿ ಊಟಕ್ಕೂ ಕರೆದಿದ್ದ. ಆ ಊಟವೇ ಅವಳ ತಲೆಗೆ ಹುಳ ಬಿಟ್ಟಿತ್ತು.

ನಕಲಿ ಕಾರುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಹೆಚ್ಚಿನವು ಫೈಬರಿನವು, ತಟ್ಟಿದರೆ ಪ್ಲಾಸ್ಟಿಕ್ ಬಕೆಟಿನ ಸದ್ದು. ಅಚ್ಚಿನಿಂದ ತೆಗೆದದ್ದಾದ್ದರಿಂದ ಎಡ ಬಲ ಒಂದೇ ಸಮ. ಅಪ್ಪನ ಕಾರು ಹಾಗಲ್ಲ. ಎಡ ಚಕ್ರದ ಮೇಲಿನ ಉಬ್ಬು ಬಲದ್ದಕ್ಕಿಂತ ಒಂದು ಬೆರಳು ಎತ್ತರ. ಚಾವಣಿಯಲ್ಲಿ ಚಾಲಕನ ಕಡೆ ಮಾತ್ರ ಒಂದು ಬುಗುಟು, ಆರಡಿ ಅಪ್ಪನ ಹೆಲ್ಮೆಟ್ ತಾಗದಿರಲೆಂದು ಎಬ್ಬಿಸಿದ್ದು.

ತಟ್ಟಿದಳು. ಲೋಹದ್ದೇ ಸದ್ದು. ಟೇಪು ಹಿಡಿದಳು. ಎಡಗಡೆ ಒಂದು ಬೆರಳು ಎತ್ತರ. ಬುಗುಟೂ ಇತ್ತು. ಎಲ್ಲ ಸರಿ, ಆದರೂ ಮನಸ್ಸು ಒಪ್ಪದು. ಇದೆಲ್ಲ ಅಣ್ಣನಿಗೂ ಗೊತ್ತಿರುವುದೇ ಅಲ್ಲವೇ!

ಚಾಲಕನ ಬಾಗಿಲು ತೆರೆದು ಒಳಬದಿಗೆ ಹೊದಿಸಿದ್ದ ರಟ್ಟು ಬಿಚ್ಚಿದಳು. ಅವಳ ಮದುವೆಗೆ ಮುಂಚೆ, ಇಡೀ ಕಾರಿನಲ್ಲಿ ಅಪ್ಪ ಅವಳ ಕೈಗೆ ಬಿಟ್ಟಿದ್ದು ಈ ಬಾಗಿಲೊಂದನ್ನೇ. ಕೆಳಗಿನ ಮೂಲೆಯಲ್ಲಿ ಸುತ್ತಿಗೆ ಜಾರಿ ಉಗುರಿನಷ್ಟು ಗುಳಿ ಬಿದ್ದಿತ್ತು. ಅಪ್ಪ ನೋಡಿ ಬೈಯಲಿಲ್ಲ. ಚೆನ್ನಾಗಿದೆ ಎಂದೂ ಅನ್ನಲಿಲ್ಲ. ಆ ಒಂದು ಮಾತಿಗೆ ಅವಳು ಅಪ್ಪ ಸಾಯುವವರೆಗೂ ಕಾದಿದ್ದಳು.

ಗುಳಿ ಇರಲಿಲ್ಲ.

"ನನ್ನ ಕಿವಿಗೆ ಹೂವಿಡ್ತೀಯಾ ಅಣ್ಣ? ಇದು ನಾನು ಮಾಡಿದ ಬಾಗಿಲಲ್ಲ."

"ಅಲ್ಲ ಕಣೇ, ಯಾರು ಹೌದಂದ್ರು?" ಅಣ್ಣ ತಡವರಿಸಲೇ ಇಲ್ಲ. "ನಿನ್ನ ಮದುವೆ ಆದ್ಮೇಲೆ ಅಪ್ಪ ಅದನ್ನ ಬದಲಾಯಿಸಿದ್ರು. ನಿಂಗೆ ಬೇಜಾರಾಗುತ್ತೆ ಅಂತ ನಾನು ಬಾಯಿ ಬಿಟ್ಟಿರ್ಲಿಲ್ಲ. ಇರು, ತೋರಿಸ್ತೀನಿ."

ಮಾಡಿದ್ದು ಒಂದೇ ಬಾಗಿಲು, ಅದನ್ನೂ ಅಪ್ಪ ಕಿತ್ತುಹಾಕಿದರೇ?

ಅಣ್ಣ ಹಳೆ ಕಂಬಳಿಯಲ್ಲಿ ಸುತ್ತಿದ ಬಾಗಿಲನ್ನು ಗೆದ್ದವನ ಹಾಗೆ ಹೊತ್ತು ತಂದ. ಬಣ್ಣ ಕಾಣದ ಬರೀ ತಗಡು. ಮೂಲೆಯಲ್ಲಿ ಗುಳಿ ಹಾಗೇ ಇತ್ತು.

"ಈಗಲಾದ್ರೂ ಸಹಿ ಹಾಕ್ತೀಯಾ ತಾಯಿ?"

"ಹಿಡ್ಕೋ" ಎಂದು ತಂಗಿ ಕಾರಿನ ಬಾಗಿಲಿನ ಕೀಲು ಬಿಚ್ಚತೊಡಗಿದಳು.

"ಅದ್ಯಾಕೆ ಈಗ? ಊಟ ಆರ್ತಾ ಇದೆ."

ಕೈಯಲ್ಲಿ ತಟ್ಟಿದ ಬಾಗಿಲು ತನ್ನ ಚೌಕಟ್ಟು ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಇಟ್ಟು, ತೆಗೆದು, ಅಂಚು ತಟ್ಟಿ, ಮತ್ತೆ ಇಟ್ಟು, ಹೀಗೆ ಅಪ್ಪ ಅವಳಿಂದ ಒಂದು ವಾರ ಮಾಡಿಸಿದ್ದರು. ಒಂದು ದಿನವೂ ಸುತ್ತಿಗೆ ಹಿಡಿಯದ ಅಣ್ಣನಿಗೆ ಇದೆಲ್ಲಿಂದ ಗೊತ್ತಾಗಬೇಕು!

ಕಂಬಳಿಯ ಬಾಗಿಲನ್ನು ಆ ಜಾಗಕ್ಕೆ ಹಿಡಿದಳು. ಕೀಲು ಹೇಗೋ ಹೊಂದಿತು. ಬಾಗಿಲು ಹಾಕಿದಳು. ಮುಂದಿನ ಅಂಚು ಉಜ್ಜಿತು, ಹಿಂದೆ ಎರಡು ಬೆರಳು ತೂರುವಷ್ಟು ಸಂದು. ಎತ್ತಿ ನೋಡಿದಳು, ಮಂಡಿ ಕೊಟ್ಟು ಒತ್ತಿದಳು. ಕೂರಲಿಲ್ಲ.

"ಅಪ್ಪನ ಕಾರು ಯಾವಾಗ ಮಾರಿದೆ?"

ಅಣ್ಣ ಆ ಸಂದನ್ನೇ ನೋಡುತ್ತಿದ್ದ. "ಅವರು ತೀರಿಕೊಂಡ ವರ್ಷವೇ" ಎಂದ. "ಇದನ್ನೂ ಅದರದೇ ಅಳತೇಲಿ ಮಾಡಿಸಿದ್ದು ಕಣೇ. ಅಪ್ಪನ ಹೆಸರು ಒಂದ್ಕಡೆ ಇರ್ಲಿ ಅಂತ..."

"ಬೇರೆಯವರ ಕೆಲಸದ ಮೇಲಾ?" ಸಹಿ ಹಾಕದ ಕಾಗದವನ್ನು ಮಡಿಸಿ ಅವನ ಜೇಬಿಗೆ ತುರುಕಿದಳು. ಬಾಗಿಲನ್ನು ಕಳಚಿ ಎತ್ತಿಕೊಂಡು ಗೇಟಿನತ್ತ ನಡೆದಳು.

ಅಣ್ಣ ಹಿಂದೆಯೇ ಓಡಿ ಬಂದ. "ಕೇಳು ಇಲ್ಲಿ. ಆ ಬಾಗಿಲು ಚೆನ್ನಾಗಿಲ್ಲ ಅಂತ ಅಪ್ಪ ತೆಗೀಲಿಲ್ಲ. ರೇಸಲ್ಲಿ ಹಾಳಾಗಬಾರದು ಅಂತ ತೆಗೆದಿಟ್ರು. ನನ್ನ ಕೈಗಿಂತ ಮಗಳ ಕೈ ಮೇಲು ಅಂತಿದ್ರು."

ತಂಗಿ ತಿರುಗಿದಳು. ಗೋಡೌನಿನ ಕಥೆಗಳನ್ನೂ ಅವನು ಇದೇ ಮುಖ ಮಾಡಿಕೊಂಡು ಹೇಳುತ್ತಿದ್ದ.

"ನಿಜವಾಗ್ಲೂ ಕಣೇ" ಎಂದ ಅಣ್ಣ.

ಅವಳು ಬಾಗಿಲನ್ನು ಎದೆಗವುಚಿಕೊಂಡು ಅವನ ಕಣ್ಣುಗಳನ್ನೇ ನೋಡುತ್ತ ನಿಂತಳು.