ಚೆನ್ನವ್ವನ ಪೇಟಿಯೊಳಗೆ ಇಳಿದ ನಾನು

ನಾನು ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ, ಬಾಳಿದ್ದು ಗದಗಿನಲ್ಲಿ. ಎಂಟು ವರ್ಷ ಈರಪ್ಪ ಬಾರಕೇರರ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನೇ ನೋಡಿದೆ. ಅರ್ಧಕ್ಕರ್ಧ ಜನ ಸರಿಯಾದ ಗಳಿಗೆಗೇ ಕಣ್ಣು ಮುಚ್ಚುತ್ತಿದ್ದರು. ದೊಡ್ಡ ಕ್ಯಾಮೆರಾ ಬಂದ ಮೇಲೆ ಈರಪ್ಪ ನನ್ನನ್ನು ಪಕ್ಕದಂಗಡಿಯ ಹುಸೇನಸಾಬ ನದಾಫರಿಗೆ ಕೊಟ್ಟರು. ಅವರು ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ರಿಪೇರಿ ಮಾಡುವವರು. ಪೇಟಿ ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಗೊಂದಲವಿಲ್ಲ ಎನ್ನುತ್ತಿದ್ದರು.

ಒಂದು ದಿನ ನಾಟಕದ ಹಾಡುಗಾರ್ತಿ ಚೆನ್ನವ್ವ ಹೂಗಾರ, ಗುರುಗಳು ಕೊಟ್ಟಿದ್ದ ಹಳೆಯ ವಿದೇಶಿ ಪೇಟಿ ತಂದರು. ಮೂರು ಸ್ವರ ಮೂಕವಾಗಿದ್ದವು. ಉಳಿದ ರಿಪೇರಿಯವರೆಲ್ಲ ಹೊಸದು ಕೊಳ್ಳಿ ಎಂದಿದ್ದರಂತೆ. ಮುಚ್ಚಳ ತೆಗೆದ ಹುಸೇನಸಾಬರು ಮೊದಲು ನನ್ನಿಂದ ಒಂದು ಫೋಟೋ ತೆಗೆದರು. ಕೀಲಿಗಳ ಕೆಳಗಿದ್ದ ಅಂಥ ಸನ್ನೆಕೋಲುಗಳನ್ನು ಅವರು ಕಂಡಿರಲೇ ಇಲ್ಲ. ಎಳೆದರೆ ಮುರಿಯುತ್ತದೆ, ಮುರಿದರೆ ಬದಲಿ ಸಿಗದು.

ಪೇಟಿ ರಿಪೇರಿಯವರದೇ ಒಂದು ಆನ್‌ಲೈನ್ ವೇದಿಕೆಯಿತ್ತು. ಫೋಟೋ ಹಾಕಲು ಹೋದರೆ ಅದು ಒಪ್ಪಲಿಲ್ಲ. ನನ್ನ ಚಿತ್ರ ಐದು ಎಂಬಿ, ಅಲ್ಲಿನ ಮಿತಿ ಇನ್ನೂರು ಕೆಬಿ. ಈರಪ್ಪ ತಮ್ಮ ಕಂಪ್ಯೂಟರಿನಲ್ಲಿ ಕುಗ್ಗಿಸುವುದನ್ನು ಹೇಳಿಕೊಟ್ಟರು. ಹುಸೇನಸಾಬರು ಧಾರಾಳವಾಗಿಯೇ ಕುಗ್ಗಿಸಿದರು. ವೇದಿಕೆಯಲ್ಲಿ ಆ ಮಸುಕು ಚಿತ್ರ ನೋಡಿ ಇದೇನು ಬಿಸ್ಕತ್ತೇ ಎಂದು ಯಾರೋ ಕೇಳಿದರು. ಪುಣೆಯ ಕುಮುದಿನಿ ಎಂಬವರು ಮಾತ್ರ, ಸನ್ನೆಕೋಲಿನ ಅಡಿಭಾಗವನ್ನಷ್ಟೇ ತೋರಿಸಿ ಎಂದು ಬರೆದರು.

ಅದು ಕಾಣಬೇಕಾದರೆ ನಾನೇ ಪೇಟಿಯೊಳಗೆ ಇಳಿಯಬೇಕು. ಇಳಿದೆ. ಹೊರಗೆಳೆಯುವಾಗ ಮೊಳೆಯೊಂದು ನನ್ನ ಕಣ್ಣನ್ನು ಗೀರಿತು. "ತಪ್ಪಾತು," ಎಂದು ಹುಸೇನಸಾಬರು ಅಂಗಿಯ ಅಂಚಿನಿಂದ ನನ್ನನ್ನು ಒರೆಸಿದರು. ಈ ಸಲ ಮೊದಲು ಚಿತ್ರದಲ್ಲಿ ಬೇಡದ ಸುತ್ತಲಿನದನ್ನು ಕತ್ತರಿಸಿದರು, ಆಮೇಲೆ ಕುಗ್ಗಿಸಿದರು. ಸನ್ನೆಕೋಲಿನ ಅಡಿಯಲ್ಲಿದ್ದ ಅಕ್ಕಿಕಾಳಿನಷ್ಟು ಪಿನ್ನು ಪರದೆಯ ತುಂಬ ನಿಂತಿತು. ಸಂಜೆಯೊಳಗೆ ಕುಮುದಿನಿಯವರ ಉತ್ತರ ಬಂತು: ಎಳೆಯಬೇಡಿ, ಆ ಪಿನ್ನನ್ನು ಎಡಕ್ಕೆ ತಿರುಗಿಸಿ.

ತಿರುಗಿಸಿದರು. ಸಿಕ್ಕಿಬಿದ್ದಿದ್ದ ಸನ್ನೆಕೋಲುಗಳು ಬಿಟ್ಟುಕೊಂಡವು. ಚೆನ್ನವ್ವ ಬೆರಳಿಟ್ಟರು. ಮೂರೂ ಸ್ವರ ಹೊರಟವು.

"ಇದರ ದನಿ ಇನ್ನ ಕೇಳೂದಿಲ್ಲ ಅಂತ ಮಾಡಿದ್ದೆ ನೋಡ್ರಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಅಂದಿನಿಂದ ನನ್ನ ಚಿತ್ರಗಳಿಗೆಲ್ಲ ಒಂದು ಗೀರು. ಈಗ ಹುಸೇನಸಾಬರ ಕೈಗೆ ಮೊಬೈಲು ಬಂದಿದೆ. ನಾನು ಪೇಟಿಗೆ ಹೊಳಪು ಕೊಡುವ ಅರಗಿನ ಡಬ್ಬಿಯ ಪಕ್ಕ ಕುಳಿತಿದ್ದೇನೆ. ಸಾವಿರಾರು ಮುಖ ನೋಡಿದ ನನಗೆ ಹೆಚ್ಚು ನೆನಪಾಗುವುದು ಆ ಪಿನ್ನೇ. ಆ ವೇದಿಕೆಗೆ ಎಲ್ಲೆಲ್ಲಿಂದಲೋ ಹೊಸಬರು ಮಸುಕು ಮಸುಕಾದ ಚಿತ್ರ ಹಾಕಿ ದಾರಿ ಕೇಳುತ್ತಾರೆ. ಹುಸೇನಸಾಬರು ಬೇಸರಿಸದೆ ಹಿಂದಿಯಲ್ಲಿ ಉತ್ತರ ಟೈಪು ಮಾಡುತ್ತಾರೆ, ಬಾಯಲ್ಲಿ ಹೇಳಿಕೊಳ್ಳುವುದು ಮಾತ್ರ ಕನ್ನಡ:

"ಇನ್ನೊಮ್ಮೆ ತಗೀರಿ. ಸ್ವಲ್ಪ ಹತ್ರ ಹೋಗ್ರಿ. ಅವಸರ ಇಲ್ಲ, ನಾ ಇಲ್ಲೇ ಇರ್ತೀನಿ."